ಒಂದೇ ತುಪ್ಪ, ಎರಡು ಅಂಕಿ: ವಿಶ್ಲೇಷಕರಿಗೆ ಸಂಘ ಏಕೆ ಬೇಕಾಯಿತು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಖಾಸಗಿ ಆಹಾರ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಒಂದು ತುಪ್ಪದ ಸ್ಯಾಂಪಲ್‌ಗೆ ನನಗೆ ಬಂದ ಆರ್‌ಎಂ ವ್ಯಾಲ್ಯೂ (ರೈಖರ್ಟ್-ಮೈಸಲ್ ಅಂಕಿ: ತುಪ್ಪದಿಂದ ಬಟ್ಟಿ ಇಳಿಯುವ ಆಮ್ಲಗಳ ಅಳತೆ, ವನಸ್ಪತಿ ಬೆರೆತರೆ ಇಳಿಯುತ್ತದೆ) 27.1. ಖರೀದಿ ಒಪ್ಪಂದದಲ್ಲಿ ಇದ್ದದ್ದು ಕನಿಷ್ಠ 28. ತುಪ್ಪದವರು ಅದನ್ನೇ ಇನ್ನೊಂದು ಪ್ರಯೋಗಾಲಯಕ್ಕೆ ಕೊಟ್ಟರು, ಅಲ್ಲಿ 28.4 ಬಂತು. ನಮ್ಮ ಮ್ಯಾನೇಜರ್ ‘ಇನ್ನೊಮ್ಮೆ ನೋಡಿ’ ಎಂದರು. ಆ ಮಾತಿನ ಅರ್ಥ ನನಗೆ ಗೊತ್ತು. ವಿಶ್ಲೇಷಕರ ಸಂಘವೊಂದಕ್ಕೆ ಸದಸ್ಯಳಾದರೆ ಬೆಂಬಲ ಸಿಕ್ಕೀತೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ‘ಅವೆಲ್ಲ ಇಂಗ್ಲೆಂಡಿನ ಕೆಮಿಸ್ಟರು ತಮ್ಮ ಹೊಟ್ಟೆಪಾಡಿಗೆ ಕಟ್ಟಿಕೊಂಡ ಕೂಟಗಳು. ಮೂಲ ಸಂಘ ಯಾವತ್ತೋ ಮುಚ್ಚಿಹೋಗಿದೆ’ ಎಂದರು. ಇದು ನಿಜವೇ ಸರ್? ಸದಸ್ಯತ್ವಕ್ಕೆ ಹಣ ಕಟ್ಟುವುದು ದಂಡವೇ? ನನ್ನ ರೀಡಿಂಗ್ ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರು ನಾಲ್ಕಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ: ನಾನು ಸಹಿ ಹಾಕಿದ ಅಂಕಿಯ ಬೆನ್ನಿಗೆ ಯಾರಿದ್ದಾರೆ? ಮೂವತ್ತು ವರ್ಷ ಬ್ಯುರೆಟ್ ಹಿಡಿದು ನಿವೃತ್ತನಾದವನು ನಾನು. ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ಇಂಗ್ಲೆಂಡಿನ ಆ ವಿಶ್ಲೇಷಕರ ಸಂಘದ ಚರಿತ್ರೆಯನ್ನು ಓದಿದ ಮೇಲೆ ಗೊತ್ತಾಯಿತು, ಇದೇ ಪ್ರಶ್ನೆ ಕಾಡಿದ್ದರಿಂದಲೇ ಅವರು ಸಂಘ ಕಟ್ಟಿದ್ದು ಎಂದು.

ನಿಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. 1874ರ ಆಗಸ್ಟ್ 7ರಂದು ಲಂಡನ್ನಿನ ಕ್ಯಾನನ್ ಸ್ಟ್ರೀಟ್ ಹೋಟೆಲಿನಲ್ಲಿ ಸೇರಿ ‘ಸೊಸೈಟಿ ಆಫ್ ಪಬ್ಲಿಕ್ ಅನಲಿಸ್ಟ್ಸ್’ ಕಟ್ಟಿದವರು ಜನಸೇವೆಯ ಹುಮ್ಮಸ್ಸಿನಲ್ಲಿ ಬಂದವರಲ್ಲ, ಅವಮಾನ ತಿಂದು ಬಂದವರು. ಅದೇ ವರ್ಷ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಕಲಬೆರಕೆ ಕಾಯ್ದೆ ಹೇಗೆ ನಡೆಯುತ್ತಿದೆ ಎಂದು ವಿಚಾರಣೆ ಮಾಡಿತ್ತು. ವ್ಯಾಪಾರಿಗಳು ಸಾಲುಗಟ್ಟಿ ಬಂದು, ಈ ವಿಶ್ಲೇಷಕರಿಗೆ ಕೆಲಸವೇ ಬರುವುದಿಲ್ಲ, ಒಬ್ಬ ಹೇಳಿದಂತೆ ಇನ್ನೊಬ್ಬ ಹೇಳುವುದಿಲ್ಲ ಎಂದು ದೂರಿದರು. ಜನ ವಿಷ ತಿನ್ನುತ್ತಿರುವುದಕ್ಕಿಂತ ಮೋಸ ಹೋಗುತ್ತಿರುವುದೇ ಹೆಚ್ಚು ಎಂದು ಸಮಿತಿ ವರದಿ ಬರೆಯಿತು, ವಿಶ್ಲೇಷಕರ ಸಾಮರ್ಥ್ಯದ ಬಗ್ಗೆಯೂ ಅನುಮಾನ ಇಟ್ಟಿತು. ಒಬ್ಬೊಬ್ಬರಾಗಿ ಉತ್ತರ ಕೊಡಲು ಆಗುವಂತಿರಲಿಲ್ಲ. ಸೇರಿದರು. ಔಷಧ ಶಾಸ್ತ್ರದ ಪ್ರಾಧ್ಯಾಪಕ ಥಿಯೋಫಿಲಸ್ ರೆಡ್‌ವುಡ್ ಮೊದಲ ಅಧ್ಯಕ್ಷರಾದರು.

ಹೊಟ್ಟೆಪಾಡಿನ ಲೆಕ್ಕವೂ ಅದರಲ್ಲಿತ್ತು, ಇಲ್ಲದೆ ಏನು. ಆದರೆ ವ್ಯಾಪಾರಿಗಳ ದೂರು ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. 1872ರ ಕಾಯ್ದೆ ವಿಶ್ಲೇಷಕನಿಗೆ ವೈದ್ಯಕೀಯ, ರಸಾಯನ, ಸೂಕ್ಷ್ಮದರ್ಶಕ ಮೂರರ ಜ್ಞಾನವೂ ಇರಬೇಕು ಎಂದಿತು. ಮೂರೂ ಇದ್ದವರು ಎಲ್ಲಿ ಸಿಗಬೇಕು? ಎಷ್ಟೋ ಊರುಗಳಲ್ಲಿ ಆ ಹುದ್ದೆ ಊರಿನ ಆರೋಗ್ಯಾಧಿಕಾರಿಯ ಕೊರಳಿಗೆ ಬಿತ್ತು. ನಾಡಿ ಹಿಡಿಯುವವರಿಗೆ ಬೆಣ್ಣೆಯ ಕೊಬ್ಬು ಅಳೆಯಲು ಹೇಳಿದಂತೆ.

ಅದಕ್ಕೂ ಹಿಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. 1820ರಲ್ಲಿ ಫ್ರೆಡ್ರಿಕ್ ಆಕುಂ ಎಂಬ ಜರ್ಮನ್ ಮೂಲದ ರಸಾಯನಜ್ಞ ಲಂಡನ್ನಿನ ಕಲಬೆರಕೆಯ ಬಗ್ಗೆ ಪುಸ್ತಕ ಬರೆದ. ಕಲಬೆರಕೆ ಮಾಡಿದವರ ಹೆಸರುಗಳನ್ನೂ ಅದರಲ್ಲಿ ಹಾಕಿದ. ತಿಂಗಳೊಳಗೆ ಸಾವಿರ ಪ್ರತಿ ಖರ್ಚಾದವು. ಅದೇ ವರ್ಷ ಗ್ರಂಥಾಲಯದ ಪುಸ್ತಕಗಳಿಂದ ಹಾಳೆ ಹರಿದ ಆರೋಪ ಅವನ ಮೇಲೆ ಬಂತು, ಮರುವರ್ಷ ಅವನು ದೇಶವನ್ನೇ ಬಿಟ್ಟ. ಹಾಳೆ ಹರಿದದ್ದು ಸುಳ್ಳಲ್ಲವಂತೆ. ಆದರೆ ಒಂಟಿಯಾಗಿ ಹೆಸರು ಹೇಳಹೊರಟವನನ್ನು ಬೀಳಿಸಲು ಅಷ್ಟು ಸಾಕಾಯಿತು. ಆಮೇಲೆ 1850ರ ದಶಕದಲ್ಲಿ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಸೂಕ್ಷ್ಮದರ್ಶಕ ಹಿಡಿದು ಬಂದರು. ಕಾಫಿಯಲ್ಲಿ ಚಿಕೋರಿ ಬೆರೆತಿದ್ದರೆ ಯಾವ ವಿದ್ಯೆಯಿಂದಲೂ ಪತ್ತೆ ಮಾಡಲಾಗದು ಎಂದು ಸಂಸತ್ತಿನಲ್ಲಿ ಹಣಕಾಸು ಸಚಿವರೇ ಹೇಳಿಬಿಟ್ಟಿದ್ದ ಕಾಲ ಅದು. ಹ್ಯಾಸಲ್ ಪುಡಿಯನ್ನು ಮಸೂರದ ಕೆಳಗಿಟ್ಟರು. ಚಿಕೋರಿ ಬೇರಿನ ಕೋಶಗಳ ಆಕಾರವೇ ಬೇರೆ, ಕಾಫಿ ಬೀಜದ್ದೇ ಬೇರೆ! ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯ ಯಾವ ಹುಡುಗನಿಗೂ ಇಂದು ಇದರಲ್ಲಿ ಅಚ್ಚರಿ ಕಾಣದು, ಅಂದು ಮಾತ್ರ ಅದು ದೊಡ್ಡ ಸುದ್ದಿ. 1858ರಲ್ಲಿ ಬ್ರಾಡ್‌ಫರ್ಡ್ ಊರಿನಲ್ಲಿ ಮಿಠಾಯಿಗೆ ಸೇರಿಸಲು ಅಗ್ಗದ ಪುಡಿ ತರಲು ಹೋದವನಿಗೆ ಔಷಧದಂಗಡಿಯಲ್ಲಿ ತಪ್ಪಿ ಆರ್ಸೆನಿಕ್ ಕಟ್ಟಿಕೊಟ್ಟರು. ಸುಮಾರು ಇಪ್ಪತ್ತು ಮಂದಿ ಸತ್ತರು. ಆಮೇಲೆ ಬಂದ 1860ರ ಕಾಯ್ದೆ ವಿಶ್ಲೇಷಕರನ್ನು ‘ನೇಮಿಸಬಹುದು’ ಎಂದಿತೇ ಹೊರತು ‘ನೇಮಿಸಬೇಕು’ ಎನ್ನಲಿಲ್ಲ. ಹಾಗಾಗಿ ಹೆಚ್ಚಿನ ಕಡೆ ಯಾರೂ ನೇಮಕವಾಗಲಿಲ್ಲ.

ಈಗ ಹಾಲಿನ ಕಥೆ. ನಿಮ್ಮ ತುಪ್ಪಕ್ಕೂ ಅದಕ್ಕೂ ನೇರ ಸಂಬಂಧವಿದೆ, ನಿಧಾನವಾಗಿ ಓದಿ.

ಸಂಘ ಹುಟ್ಟಿದ ಕೂಡಲೇ ಮಾಡಿದ ಮೊದಲ ಕೆಲಸಗಳಲ್ಲೊಂದು, ಅಸಲಿ ಹಾಲೆಂದರೆ ಏನು ಎಂದು ತನ್ನೊಳಗೆ ಒಂದು ಮಿತಿ ಹಾಕಿಕೊಂಡದ್ದು: ಜಿಡ್ಡು ಕನಿಷ್ಠ ಶೇ 2.5, ಜಿಡ್ಡು ಬಿಟ್ಟು ಉಳಿದ ಘನಾಂಶ, ಅಂದರೆ ನಮ್ಮ ಡೇರಿಯವರು ಎಸ್‌ಎನ್‌ಎಫ್ ಎನ್ನುವುದು, ಕನಿಷ್ಠ ಶೇ 9. ಅದಕ್ಕಿಂತ ಕಡಿಮೆಯಾದರೆ ನೀರು ಸೇರಿದೆ ಎಂದು ಲೆಕ್ಕ. 1875ರ ಹೊಸ ಕಾಯ್ದೆ ಒಂದು ಒಳ್ಳೆಯ ನಿಯಮ ತಂದಿತ್ತು: ಸ್ಯಾಂಪಲ್ ಅನ್ನು ಮೂರು ಪಾಲು ಮಾಡಬೇಕು, ಒಂದು ಮಾರಿದವನಿಗೆ, ಒಂದು ವಿಶ್ಲೇಷಕನಿಗೆ, ಇನ್ನೊಂದು ಜಗಳ ಬಂದರೆ ಪಂಚರಿಗೆ. ಆ ಪಂಚರು ಯಾರೆಂದರೆ ಸೋಮರ್ಸೆಟ್ ಹೌಸಿನ ತೆರಿಗೆ ಇಲಾಖೆಯ ರಸಾಯನಜ್ಞರು. ಹೊಗೆಸೊಪ್ಪಿನ ಕಲಬೆರಕೆ ಹಿಡಿಯಲು 1842ರಲ್ಲಿ ಶುರುವಾಗಿದ್ದ ಪ್ರಯೋಗಾಲಯ ಅವರದು. ಸಂಘದವರು ನೀರು ಬೆರೆತಿದೆ ಎಂದ ಹಾಲನ್ನು ಸೋಮರ್ಸೆಟ್ ಹೌಸಿನವರು ಪಾಸು ಮಾಡಿದರೆ ನ್ಯಾಯಾಲಯದಲ್ಲಿ ಮುಖಭಂಗ. ತಂಬಾಕು ನೋಡುವವರಿಗೆ ಹಾಲಿನ ಬಗ್ಗೆ ಏನು ಗೊತ್ತು ಎಂದು ಇವರು, ಇವರದು ಅತಿಯಾಯಿತು ಎಂದು ಅವರು. ವರ್ಷಗಟ್ಟಲೆ ನಡೆಯಿತು.

1885ರಲ್ಲಿ ಆಡಮ್ಸ್ ಎಂಬ ವಿಶ್ಲೇಷಕರು ಹಾಲಿನ ಜಿಡ್ಡು ತೆಗೆಯುವ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಅದು ಸರಳ ಎಂದರೆ ಸರಳ. ಹಾಲನ್ನು ಬಟ್ಟಲಲ್ಲಿ ಒಣಗಿಸಿ ಈಥರ್ ಹಾಕಿ ಜಿಡ್ಡು ಕರಗಿಸುವ ಬದಲು, ಉದ್ದನೆಯ ಒತ್ತು ಕಾಗದದ ಪಟ್ಟಿಗೆ ಹಾಲು ಹೀರಿಸಿ, ಅದನ್ನು ಸುರುಳಿ ಸುತ್ತಿ ಒಣಗಿಸಿ, ಆಮೇಲೆ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಮತ್ತೆ ಮತ್ತೆ ಈಥರ್ ಹರಿಸುವುದು. ಬಟ್ಟಲಲ್ಲಿ ಒಣಗಿದ ಹಾಲು ಕೋವಾದಂತೆ ಗಟ್ಟಿ ಕಟ್ಟಿಕೊಂಡು, ಒಳಗಿನ ಜಿಡ್ಡಿಗೆ ಈಥರ್ ತಾಗುತ್ತಲೇ ಇರಲಿಲ್ಲ. ಕಾಗದದ ಮೇಲೆ ತೆಳುವಾಗಿ ಹರಡಿದ್ದರಿಂದ ಎಲ್ಲ ಜಿಡ್ಡೂ ಹೊರಬಂತು. ಹೊಸ ಕ್ರಮದಲ್ಲಿ ಅಳೆದರೆ ಅದೇ ಹಾಲಿಗೆ ಜಿಡ್ಡು ಸುಮಾರು ಅರ್ಧ ಶೇಕಡ ಹೆಚ್ಚು, ಎಸ್‌ಎನ್‌ಎಫ್ ಅಷ್ಟೇ ಕಡಿಮೆ. ಸಂಘ ಮಿತಿಯನ್ನು ತಿದ್ದಬೇಕಾಯಿತು: ಜಿಡ್ಡು 3.0, ಎಸ್‌ಎನ್‌ಎಫ್ 8.5. ಕೂಡಿಸಿ ನೋಡಿ. 2.5ಕ್ಕೆ 9 ಸೇರಿದರೂ 11.5, 3ಕ್ಕೆ 8.5 ಸೇರಿದರೂ 11.5. ಹಾಲು ಬದಲಾಗಿರಲಿಲ್ಲ. ಜಿಡ್ಡಲ್ಲ ಎಂದು ಬರೆದುಕೊಂಡಿದ್ದ ಲೆಕ್ಕದೊಳಗೆ ಅರ್ಧ ಶೇಕಡ ಜಿಡ್ಡು ಇಷ್ಟು ಕಾಲ ಅಡಗಿ ಕುಳಿತಿತ್ತು, ಅಷ್ಟೇ.

1901ರಲ್ಲಿ ಬ್ರಿಟಿಷ್ ಸರ್ಕಾರ ಹಾಲಿನ ನಿಯಮ ಮಾಡಿದಾಗ ತೆಗೆದುಕೊಂಡದ್ದು 3 ಮತ್ತು 8.5 ಎಂಬ ಜೋಡಿಯನ್ನೇ. ಇಂದು ಬೆಳಿಗ್ಗೆ ನಿಮ್ಮ ಮನೆಗೆ ಬಂದ ಟೋನ್ಡ್ ಹಾಲಿನ ಪ್ಯಾಕೆಟ್ ತಿರುಗಿಸಿ ನೋಡಿ, ಅದೇ ಎರಡು ಅಂಕಿಗಳು ಕಾಣುತ್ತವೆ.

ಈ ಕಥೆಯಲ್ಲಿ ನನಗೆ ಬೇಕಾದದ್ದು ಆಡಮ್ಸರ ಜಾಣ್ಮೆಯಲ್ಲ. ಅವರು ತಮ್ಮ ಸಂಘದ ತಪ್ಪನ್ನು ತಮ್ಮ ಸಂಘದ ಪತ್ರಿಕೆಯಲ್ಲೇ ಬರೆದರು. 1876ರಿಂದ ಹೊರಬರುತ್ತಿದ್ದ ‘ದಿ ಅನಲಿಸ್ಟ್’ ಪತ್ರಿಕೆ ಅದು. ಹೊಟ್ಟೆಪಾಡಿನ ಕೂಟವಷ್ಟೇ ಆಗಿದ್ದರೆ ಆ ಲೇಖನ ಕಪಾಟಿನಲ್ಲಿ ಕೊಳೆಯುತ್ತಿತ್ತು. ನಮ್ಮ ಕಸುಬಿನಲ್ಲಿ ಸಂಘದ ನಿಜವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ: ನಿಮ್ಮ ಅಂಕಿಯನ್ನು ತಪ್ಪು ಎನ್ನಬಲ್ಲ, ಆದರೆ ನಿಮ್ಮ ಅನ್ನ ಕಿತ್ತುಕೊಳ್ಳಬೇಕಾದ ಗರಜಿಲ್ಲದ ನಾಲ್ಕು ಜನ ಸಿಗುತ್ತಾರೆ.

ಇನ್ನು ‘ಮುಚ್ಚಿಹೋಗಿದೆ’ ಎಂಬ ಮಾತು. ಅದು ತಪ್ಪು. ಹೆಣ್ಣುಮಗಳು ಮದುವೆಯಾಗಿ ಹೆಸರು ಬದಲಿಸಿಕೊಂಡರೆ ತೀರಿಕೊಂಡಳು ಎನ್ನುತ್ತಾರೆಯೇ? ಆಹಾರದಾಚೆ ಗೊಬ್ಬರ, ಲೋಹ, ಔಷಧಗಳ ವಿಶ್ಲೇಷಕರೂ ಬಂದು ಸೇರತೊಡಗಿದ ಮೇಲೆ 1907ರಲ್ಲಿ ಸಂಘದ ಹೆಸರಿಗೆ ‘ಮತ್ತು ಇತರ ವಿಶ್ಲೇಷಕ ರಸಾಯನಜ್ಞರು’ ಎಂಬ ಬಾಲ ಸೇರಿತು. 1953ರಲ್ಲಿ ಸರ್ಕಾರಿ ಆಹಾರ ವಿಶ್ಲೇಷಕರು ತಮ್ಮದೇ ಪ್ರತ್ಯೇಕ ಒಕ್ಕೂಟ ಮಾಡಿಕೊಂಡರು, ಮರುವರ್ಷ ಮೂಲ ಸಂಘ ‘ಸೊಸೈಟಿ ಫಾರ್ ಅನಲಿಟಿಕಲ್ ಕೆಮಿಸ್ಟ್ರಿ’ ಆಯಿತು. 1970ರ ದಶಕದಲ್ಲಿ ಕೆಮಿಕಲ್ ಸೊಸೈಟಿಯೊಂದಿಗೆ ಸೇರಿತು, 1980ರಿಂದ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಒಂದು ವಿಭಾಗವಾಗಿ ನಡೆಯುತ್ತಿದೆ. ‘ದಿ ಅನಲಿಸ್ಟ್’ ಇಂದಿಗೂ ಬರುತ್ತಿದೆ.

ಸದಸ್ಯತ್ವ ಎಂದರೆ ಪರವಾನಗಿ ಎಂಬ ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಪತ್ರದ ಸಾಲುಗಳ ನಡುವೆ ಇಣುಕುತ್ತಿದೆ. ಬ್ರಿಟನ್ನಿನಲ್ಲೂ ಅದು ಹಾಗಿರಲಿಲ್ಲ. ಅರ್ಹತೆಯ ಪರೀಕ್ಷೆ ನಡೆಸಿದ್ದು 1877ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಸ್ಟ್ರಿ ಎಂಬ ಬೇರೆ ಸಂಸ್ಥೆ. ನಮ್ಮಲ್ಲಿ ಆಹಾರ ವಿಶ್ಲೇಷಕರಾಗಿ ಅಧಿಕೃತ ವರದಿಗೆ ಸಹಿ ಹಾಕಬೇಕಾದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ನೇಮಕವಾಗಿರಬೇಕು. ಅದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಪರೀಕ್ಷೆ ಇದೆ. ಯಾವ ಸಂಘದ ಬಿಲ್ಲೆಯೂ ಅದಕ್ಕೆ ಬದಲಿಯಲ್ಲ.

ಈಗ ನಿಮ್ಮ 27.1ಕ್ಕೆ ಬರೋಣ. ಎರಡು ಪ್ರಯೋಗಾಲಯಗಳ ಅಂಕಿ ಬೇರೆಯಾದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮಾಲೀಕರು ತಿಳಿಯುತ್ತಾರೆ, ಹೊಸ ವಿಶ್ಲೇಷಕರು ತಾವೇ ತಪ್ಪಿದೆವು ಎಂದು ತಿಳಿಯುತ್ತಾರೆ. ಎರಡೂ ಆಗಿರಬೇಕಿಲ್ಲ. ಅಮೆರಿಕದಲ್ಲಿ 1884ರಲ್ಲಿ ಎಒಎಸಿ ಎಂಬ ಕೃಷಿ ರಸಾಯನಜ್ಞರ ಸಂಘ ಹುಟ್ಟಿದ್ದೇ ಒಂದು ಚೀಲ ಗೊಬ್ಬರಕ್ಕೆ ಒಬ್ಬೊಬ್ಬ ಕೆಮಿಸ್ಟ್ ಒಂದೊಂದು ಅಂಕಿ ಕೊಡುತ್ತಿದ್ದಾನೆ ಎಂಬ ಗೋಳಿನಿಂದ. ನಿಮ್ಮ ಕಪಾಟಿನಲ್ಲಿರುವ ಎಒಎಸಿ ಕ್ರಮಗಳ ದಪ್ಪ ಸಂಪುಟಗಳ ಮೂಲ ಆ ಗೋಳೇ. ಅದೇ ಸಂಸ್ಥೆಯ ವಿಲಿಯಂ ಹಾರ್ವಿಟ್ಸ್ ಸಾವಿರಾರು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದಾಗ ಒಂದು ವಿನ್ಯಾಸ ಕಂಡಿತು: ವಸ್ತುವಿನ ಪ್ರಮಾಣ ಇಳಿದಷ್ಟೂ ಪ್ರಯೋಗಾಲಯಗಳ ನಡುವಿನ ಅಂತರ ಹಿಗ್ಗುತ್ತದೆ. ಕಿಲೋಗೆ ಒಂದು ಮಿಲಿಗ್ರಾಂ ಮಟ್ಟದಲ್ಲಿ ಸಾಪೇಕ್ಷ ಪ್ರಮಾಣಿತ ವಿಚಲನೆ, ಅಂದರೆ ಸರಾಸರಿಯ ಸುತ್ತ ಅಂಕಿಗಳು ಚದುರುವ ಪ್ರಮಾಣ, ಶೇ 16ರ ಆಸುಪಾಸು. ಎಲ್ಲರೂ ಪ್ರಾಮಾಣಿಕವಾಗಿ ಕೆಲಸ ಮಾಡಿದಾಗ ಬರುವ ಅಂತರ ಅದು.

ಆರ್‌ಎಂ ವ್ಯಾಲ್ಯೂ ಇನ್ನೂ ವಿಚಿತ್ರವಾದದ್ದು. ಪ್ರೋಟೀನ್, ಸೀಸ ಇವು ನೀವು ಅಳೆಯದಿದ್ದರೂ ಪದಾರ್ಥದಲ್ಲಿ ಇರುತ್ತವೆ. ಆರ್‌ಎಂ ವ್ಯಾಲ್ಯೂ ಹಾಗೆ ಎಲ್ಲೂ ಇಲ್ಲ. ಅದು ಕ್ರಮದಿಂದಲೇ ಹುಟ್ಟುವ ಅಂಕಿ. 1879ರಲ್ಲಿ ರೈಖರ್ಟ್ ಎರಡೂವರೆ ಗ್ರಾಂ ಬೆಣ್ಣೆಯ ಕೊಬ್ಬಿನಿಂದ ಶುರು ಮಾಡಿದ, ಮೈಸಲ್ ಐದು ಗ್ರಾಂ ಮಾಡಿದ, 1887ರಲ್ಲಿ ವೋಲ್ನಿ ಪ್ರತಿ ಹೆಜ್ಜೆಗೂ ಬೇಲಿ ಹಾಕಿದ. ಐದು ಗ್ರಾಂ ತುಪ್ಪವನ್ನು ಗ್ಲಿಸರಿನ್ ಮತ್ತು ಕಾಸ್ಟಿಕ್ ಸೋಡಾದಲ್ಲಿ ಸಾಬೂನು ಮಾಡುತ್ತೀರಿ, ಕುದಿಸಿದ ನೀರು 93 ಮಿಲಿಲೀಟರ್, ದುರ್ಬಲ ಗಂಧಕಾಮ್ಲ 50. ಆಮೇಲೆ 110 ಮಿಲಿಲೀಟರ್ ಬಟ್ಟಿ ಇಳಿಸಬೇಕು, ಅದೂ 19ರಿಂದ 21 ನಿಮಿಷದೊಳಗೆ. ಅದರಲ್ಲಿ 100 ಮಿಲಿಲೀಟರ್ ಸೋಸಿ ಟೈಟ್ರೇಷನ್, ಬ್ಲಾಂಕ್, ಅಂದರೆ ತುಪ್ಪ ಹಾಕದೆ ಮಾಡಿದ ಪರೀಕ್ಷೆಯ ಅಂಕಿ, ಕಳೆದು 1.1ರಿಂದ ಗುಣಾಕಾರ. ಫ್ಲಾಸ್ಕಿನಲ್ಲಿ ಇನ್ನೂ ಆಮ್ಲ ಉಳಿದೇ ಇರುತ್ತದೆ. ಬಂದಷ್ಟನ್ನು ‘ವ್ಯಾಲ್ಯೂ’ ಎಂದು ಕರೆಯೋಣ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ, ಅಷ್ಟೇ. ಹಾಗಾಗಿ ಬಟ್ಟಿ ಇಳಿಯುವ ವೇಗ ಬದಲಾದರೆ, ಬೇರೆ ಅಳತೆಯ ಫ್ಲಾಸ್ಕ್ ಇಟ್ಟರೆ, ನೀರನ್ನು ಸರಿಯಾಗಿ ಕುದಿಸದೆ ಇಂಗಾಲಾಮ್ಲ ಉಳಿದರೆ ಅಂಕಿ ಅತ್ತಿತ್ತ ಸರಿಯುತ್ತದೆ. ಒಮ್ಮೆ ನಮ್ಮಲ್ಲಿ ವಾರವಿಡೀ ಎಲ್ಲ ತುಪ್ಪವೂ ಒಂದೇ ದಿಕ್ಕಿಗೆ ವಾಲಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಹೊಸದಾಗಿ ತಂದ ಬರ್ನರ್.

ಇದೆಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ಸ್ಯಾಂಪಲ್ ತೆಗೆದ ರೀತಿ. ನಮ್ಮ ಕಡೆಯ ಒಳ್ಳೆಯ ತುಪ್ಪ ಹರಳುಗಟ್ಟುತ್ತದೆಯಲ್ಲ, ಕೆಳಗೆ ರವೆಯಂತಹ ಕಾಳು, ಮೇಲೆ ಎಣ್ಣೆಯಂತಹ ತಿಳಿ. ಆ ತಿಳಿಯ ಆರ್‌ಎಂ ವ್ಯಾಲ್ಯೂ ಕಾಳಿನದಕ್ಕಿಂತ ಹೆಚ್ಚು. ಡಬ್ಬಿ ಪೂರ್ತಿ ಕರಗಿಸಿ ಕಲಸದೆ ಒಬ್ಬರು ಮೇಲಿನಿಂದ, ಇನ್ನೊಬ್ಬರು ಕೆಳಗಿನಿಂದ ತೆಗೆದರೆ 27.1 ಮತ್ತು 28.4 ಒಂದೇ ಡಬ್ಬಿಯಿಂದ ಬರಬಹುದು. ಹಸುಗಳಿಗೆ ಹತ್ತಿಬೀಜ ತಿನ್ನಿಸುವ ಸೀಮೆಯ ತುಪ್ಪದಲ್ಲಿ ಈ ಅಂಕಿ ಸಹಜವಾಗಿಯೇ ಕಡಿಮೆ, ನಿಮ್ಮ ಹಾವೇರಿಯೂ ಹತ್ತಿಯ ನಾಡೇ. ಹಾಗೆಯೇ 28 ದಾಟಿದ ಮಾತ್ರಕ್ಕೆ ತುಪ್ಪ ಅಸಲಿ ಎಂದೂ ಅಲ್ಲ. 31 ಇದ್ದ ತುಪ್ಪಕ್ಕೆ ಸ್ವಲ್ಪ ವನಸ್ಪತಿ ಬೆರೆಸಿ 28ರ ಮೇಲೆ ನಿಲ್ಲಿಸುವ ಲೆಕ್ಕ ಬೆರೆಸುವವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಹಾಗಾದರೆ ಏನು ಮಾಡಬಹುದು?

‘ಇನ್ನೊಮ್ಮೆ ನೋಡಿ’ ಎಂದರೆ ಇನ್ನೊಮ್ಮೆ ನೋಡಿ. ನಿಜವಾಗಿಯೂ ನೋಡಿ. ಉಳಿದ ಸ್ಯಾಂಪಲ್ ಕರಗಿಸಿ, ಎರಡು ಸಲ ಮಾಡಿ, ಬ್ಲಾಂಕ್ ಮಾಡಿ, ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಳೆಯ ರೀಡಿಂಗ್ ಅಳಿಸಬೇಡಿ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ಹೊಸ ಅಂಕಿ 28.2 ಬಂದರೆ ನಾಚಿಕೆಪಡದೆ ಅದನ್ನೇ ಕೊಡಿ. 27 ಬಂದರೆ ಅದನ್ನು ಕೊಡಿ. ಬ್ಯುರೆಟ್ ಮುಟ್ಟದೆ ಅಂಕಿ ಮಾತ್ರ ಬದಲಿಸಿ ಎಂದರೆ ಸಹಿ ಹಾಕಬೇಡಿ. ನಿಮ್ಮದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯವಾದರೆ, ಪ್ರಯೋಗಾಲಯಗಳಿಗಿರುವ ಐಎಸ್‌ಒ 17025 ಮಾನದಂಡದ ಪ್ರಕಾರ ತಿದ್ದಿದ ವರದಿಯನ್ನು ತಿದ್ದಿದ್ದೆಂದು ಗುರುತಿಸಲೇಬೇಕು, ಹಳೆಯ ದಾಖಲೆಯನ್ನೂ ಉಳಿಸಬೇಕು. ಮ್ಯಾನೇಜರ್ ಜೊತೆ ನೈತಿಕತೆಯ ಮಾತು ಆಡುವುದಕ್ಕಿಂತ ಈ ನಿಯಮದ ಮಾತು ಆಡುವುದು ಮೇಲು. ಮೊದಲನೆಯದಕ್ಕೆ ಸಿಟ್ಟು ಬರುತ್ತದೆ, ಎರಡನೆಯದಕ್ಕೆ ಭಯ. ಎನ್‌ಎಬಿಎಲ್‌ಗೆ ದೂರು ಕೊಡುವ ದಾರಿಯೂ ಇದೆ. ಆದರೆ ದೂರು ಕೊಟ್ಟ ಮೇಲೆ ಅದೇ ಪ್ರಯೋಗಾಲಯದಲ್ಲಿ ಉಳಿಯುವುದು ಕಷ್ಟ. ಆ ಹೆಜ್ಜೆ ಇಡುವ ಮೊದಲು ಇನ್ನೊಂದು ಕೆಲಸ ನೋಡಿಕೊಂಡಿರಿ. ಇದನ್ನು ಹೇಡಿತನ ಎನ್ನುವವರು ಬಾಡಿಗೆ ಕಟ್ಟಿದವರಲ್ಲ.

ಸದಸ್ಯತ್ವದ ವಿಷಯ. ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಗೆ ಭಾರತದಲ್ಲೂ ಸದಸ್ಯರಿದ್ದಾರೆ, ಸ್ಥಳೀಯ ಶಾಖೆಗಳಿವೆ. ಎಒಎಸಿಗೂ ಭಾರತದ ವಿಭಾಗವಿದೆ. ಸೇರಿದರೆ ಸಭೆ, ಪರಿಚಯ, ಬಯೋಡೇಟಾದಲ್ಲಿ ಒಂದು ಸಾಲು ಸಿಗುತ್ತವೆ. ನಿಮ್ಮ ಕೆಲಸ ಹೋದರೆ ಅವರು ಬಂದು ನಿಲ್ಲುವುದಿಲ್ಲ. ಅದು ಕಾರ್ಮಿಕ ಸಂಘವಲ್ಲ. ಹೆಸರಿನ ಮುಂದೆ ನಾಲ್ಕು ಅಕ್ಷರ ಬರುತ್ತದೆಂದು ಸಾಲ ಮಾಡಿ ಶುಲ್ಕ ಕಟ್ಟಬೇಡಿ. ಬಹಳ ಮಂದಿಗೆ ಗೊತ್ತಿಲ್ಲದ ಒಂದು ವಿಷಯ: ಹಳೆಯ ಸಂಘ ಬಿಟ್ಟುಹೋದ ಆಸ್ತಿಯಾದ ಅನಲಿಟಿಕಲ್ ಮೆಥಡ್ಸ್ ಕಮಿಟಿ ಇಂದಿಗೂ ಎರಡು ಮೂರು ಪುಟದ ತಾಂತ್ರಿಕ ಟಿಪ್ಪಣಿಗಳನ್ನು ಹೊರತರುತ್ತದೆ. ಅನಿಶ್ಚಿತತೆ ಲೆಕ್ಕ ಹಾಕುವುದು ಹೇಗೆ, ಬೇರೆಯವರಿಗಿಂತ ದೂರ ಬಿದ್ದ ರೀಡಿಂಗ್ ಅನ್ನು ಏನು ಮಾಡಬೇಕು ಎಂಬಂತಹವು. ಅವನ್ನು ಉಚಿತವಾಗಿ ಓದಬಹುದು. ಅದರಿಂದ ಶುರು ಮಾಡಿ.

ನನ್ನನ್ನು ಕೇಳಿದರೆ, ಒಂದು ವರ್ಷದ ಶುಲ್ಕದ ಹಣವನ್ನು ಪರೀಕ್ಷೆಯ ಪುಸ್ತಕಗಳಿಗೆ ಹಾಕಿ ಎಫ್‌ಎಸ್‌ಎಸ್‌ಎಐ ಪರೀಕ್ಷೆಗೆ ಕೂರುವುದು ಒಳ್ಳೆಯದು. ಅದರ ಅಪಾಯವೆಂದರೆ ಪಾಸಾದ ತಕ್ಷಣ ಹುದ್ದೆ ಕಾದಿರುವುದಿಲ್ಲ. ಆದರೆ ನಿಮ್ಮ ಸಹಿಗೆ ಕಾನೂನಿನ ತೂಕ ತರುವ ದಾರಿ ಅದೊಂದೇ. ಜೊತೆಗೆ, ನಿಮ್ಮ ಪ್ರಯೋಗಾಲಯ ಪಾಲ್ಗೊಳ್ಳುವ ಪ್ರೊಫಿಷಿಯೆನ್ಸಿ ಟೆಸ್ಟಿಂಗ್‌ನ ವರದಿಗಳನ್ನು ಕೇಳಿ ಪಡೆಯಿರಿ. ಹತ್ತಾರು ಪ್ರಯೋಗಾಲಯಗಳಿಗೆ ಒಂದೇ ಸ್ಯಾಂಪಲ್ ಹೋಗಿ, ಯಾರು ಎಷ್ಟು ದೂರ ನಿಂತರು ಎಂಬುದು ಅಲ್ಲಿ ಬರುತ್ತದೆ. ಆ ದೂರವನ್ನು ಅಳೆಯುವ ಅಂಕಿಯೇ ಝಡ್ ಸ್ಕೋರ್. ನಿಮ್ಮದು ಎರಡರೊಳಗಿದ್ದರೆ ನೆಮ್ಮದಿಯಿಂದಿರಿ, ಮೂರು ದಾಟಿದರೆ ಕಾರಣ ಹುಡುಕಿ.

ಈ ತುಪ್ಪದ ಜಗಳ ಖಾಸಗಿ ಒಪ್ಪಂದದ್ದು. ಆದ್ದರಿಂದ ಕಾನೂನಿನ ಮೇಲ್ಮನವಿ ಇಲ್ಲಿ ಅನ್ವಯಿಸದು. ಅಧಿಕಾರಿಗಳು ತೆಗೆದ ಸ್ಯಾಂಪಲ್ ಆಗಿದ್ದರೆ ರೆಫರಲ್ ಪ್ರಯೋಗಾಲಯಕ್ಕೆ, ಅಂದರೆ ಮೇಲ್ಮನವಿಯ ಸ್ಯಾಂಪಲ್ ಪರೀಕ್ಷಿಸುವ ಪ್ರಯೋಗಾಲಯಕ್ಕೆ, ಹೋಗಬಹುದಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಹುಕಾಲದಿಂದ ಅಂತಹ ಕೆಲಸ ಮಾಡುತ್ತ ಬಂದಿದೆ, ನಮ್ಮ ಪಾಲಿನ ಸೋಮರ್ಸೆಟ್ ಹೌಸ್ ಎನ್ನಿ. ಬೈಗುಳ ಮಾತ್ರ ಕಡಿಮೆ. ನೀವು ಮಾಡಬಹುದಾದದ್ದು ಇದು: ಆ ಇನ್ನೊಂದು ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡಿದವರು ಯಾರೆಂದು ವಿಚಾರಿಸಿ, ಮ್ಯಾನೇಜರ್ ಮತ್ತು ಗ್ರಾಹಕರ ಒಪ್ಪಿಗೆ ಪಡೆದು ಅವರಿಗೆ ಫೋನ್ ಮಾಡಿ. ಒಂದು ಡಬ್ಬಿ ತುಪ್ಪ ಪೂರ್ತಿ ಕರಗಿಸಿ ಎರಡು ಪಾಲು ಮಾಡಿ ಇಬ್ಬರೂ ಅದೇ ದಿನ ಮಾಡಿ ನೋಡಿ. ಬಟ್ಟಿಯ ಮೊದಲ ಹನಿ ಬಿದ್ದಾಗ ಒಂದು, 110ರ ಗೆರೆ ಮುಟ್ಟಿದಾಗ ಒಂದು, ಹೀಗೆ ಎರಡು ಸಮಯ ಬರೆದಿಟ್ಟುಕೊಳ್ಳಿ. ನಿಮ್ಮದು 20 ನಿಮಿಷ, ಅವರದು 26 ಎಂದಾದರೆ ಉತ್ತರ ಅಲ್ಲೇ ಇದೆ. ಅವರದು 20, ನಿಮ್ಮದು 26 ಎಂದಾದರೂ ಅಷ್ಟೇ.